ಕಂಪನಿ ಕೊಡುವ ನೀರಿನ ಘಟಕಕ್ಕೆ ಪಂಚಾಯ್ತಿ ಸಹಿ ಹಾಕುವ ಮುನ್ನ

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸದಸ್ಯೆ. ನಮ್ಮೂರಾಗ ಸುಮಾರು ಮುನ್ನೂರು ಮನಿ ಅವ, ಬಾಜೂಕ ಒಂದು ತಾಂಡಾ ಅದ. ಆರು ವರ್ಷದ ಹಿಂದ ಸರ್ಕಾರದವರು ಫಿಲ್ಟರ್ ನೀರಿನ ಘಟಕ ಹಾಕಿದ್ರು. ಎರಡು ವರ್ಷ ಛಲೋ ನಡೀತು, ಆಮ್ಯಾಲ ಕೀಲಿ ಬಿತ್ತು. ಈಗ ಸಮೀಪದ ಸಿಮೆಂಟ್ ಕಂಪನಿಯವರು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ರೊಕ್ಕದಾಗ ಹೊಸಾ ಘಟಕ ಕೊಡ್ತೀವಿ, ಒಂದು ಸಂಸ್ಥೆಯವರು ನಡಸ್ತಾರ, ಮಾರ್ಚ್ 31ರ ಒಳಗ ಪಂಚಾಯ್ತಿ ಸಹಿ ಹಾಕಬೇಕು ಅಂತಾರ. ಕಂಪನಿಯವರು ಜಾಗಾ ಹೊಡೀತಾರ ಅಂತ ಕೆಲವರು, ಸಂಸ್ಥೆಯವರು ಅರ್ಧಾ ರೊಕ್ಕ ತಿಂತಾರ ಅಂತ ಕೆಲವರು, ಪುಕ್ಕಟೆ ಬಂದದ್ದು ಯಾಕ ಬಿಡಬೇಕು ಅಂತ ಉಳಿದವರು. ಒಮ್ಮೆ ಕಂಪನಿ ನೀರು ಬಂತಂದ್ರ ಸರ್ಕಾರ ನಮ್ಮ ಕಡಿ ತಿರುಗಿ ನೋಡಂಗಿಲ್ಲ ಅನ್ನೋದು ನನ್ನ ಅಂಜಿಕೆ. ಒಪ್ಪಬೇಕೋ ಬಿಡಬೇಕೋ? ಅಧ್ಯಕ್ಷರು ಅವಸರದಾಗ ಸಹಿ ಮಾಡಿಬಿಟ್ರ ನಾನೊಬ್ಬಾಕಿ ಏನು ಮಾಡಬಹುದು?

ಉತ್ತರ: ನಿಮ್ಮ ಅಂಜಿಕೆಯಲ್ಲಿ ಹುರುಳಿದೆ. ಆದರೆ ಊರಿನಲ್ಲಿ ಓಡಾಡುತ್ತಿರುವ ಮಾತುಗಳಲ್ಲಿ ಖರೆ ಸುಳ್ಳು ಎರಡೂ ಕಲೆತಿವೆ. ಅವನ್ನು ಬೇರೆ ಮಾಡಿಕೊಂಡರೆ ಕಂಪನಿಯವರ ಮುಂದೆ ಕೂತು ಮಾತಾಡುವುದು ಸುಲಭವಾಗುತ್ತದೆ. ಸರ್ಕಾರ, ಕಂಪನಿ, ಸ್ವಯಂಸೇವಾ ಸಂಸ್ಥೆ ಮೂವರೂ ಸೇರಿ ಮಾಡುವ ಕೆಲಸಗಳಲ್ಲಿ ಕಟ್ಟುವವರು ಯಾರು, ಉದ್ಘಾಟಿಸುವವರು ಯಾರು ಎಂಬುದು ಕಾಗದದಲ್ಲಿ ಸ್ಪಷ್ಟವಾಗಿ ಇರುತ್ತದೆ. ಮೂರನೇ ವರ್ಷ ಮೆಂಬ್ರೇನ್ (ನೀರು ಸೋಸುವ ತೆಳು ಹಾಳೆ) ಹೋದಾಗ ದುಡ್ಡು ಯಾರ ಖಾತೆಯಿಂದ ಬರಬೇಕು ಎಂಬುದು ಮಾತ್ರ ಇರುವುದಿಲ್ಲ. ನಿಮ್ಮ ಹಳೇ ಘಟಕಕ್ಕೆ ಕೀಲಿ ಬಿದ್ದದ್ದೂ ಬಹುಶಃ ಇಲ್ಲೇ.

ಮೊದಲು ದುಡ್ಡಿನ ವಿಚಾರ. ಕಂಪನಿ ಕೊಡುವುದು ಭಿಕ್ಷೆಯಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿಯು ಅದರ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಕಾರ್ಖಾನೆಯ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಇರಬೇಕು ಎಂದೂ ಕಾಯ್ದೆ ಹೇಳುತ್ತದೆ. ಹಾಗೆಂದು ‘ನಮ್ಮೂರಿಗೇ ಕೊಡಿ, ಇದೇ ಕೆಲಸ ಮಾಡಿ’ ಎಂದು ಹಕ್ಕಿನಿಂದ ಕೇಳಲು ಬರುವುದಿಲ್ಲ. ಯೋಜನೆ ಆರಿಸುವುದು ಕಂಪನಿಯ ಆಡಳಿತ ಮಂಡಳಿ. ನಿಮಗಿರುವುದು ಷರತ್ತು ಹಾಕುವ ಅವಕಾಶ, ಅದು ಸಹಿ ಹಾಕುವವರೆಗೆ ಮಾತ್ರ.

ಸೇಡಂ, ಮಳಖೇಡ, ವಾಡಿ ಸುತ್ತಲಿನ ಊರುಗಳಲ್ಲಿ ಮೂರು ಬೇರೆ ಬೇರೆ ಬಾಬತ್ತುಗಳನ್ನು ಒಂದೇ ಎಂದುಕೊಳ್ಳುವುದುಂಟು. ಒಂದು, ಈ ಸಿಎಸ್‌ಆರ್. ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದಮೇಲೆ, ಸುಣ್ಣದಕಲ್ಲು ತೆಗೆಯುವ ಗುತ್ತಿಗೆದಾರರು ಆ ವರ್ಷದ ಜನವರಿ 12ಕ್ಕೆ ಮುಂಚಿನ ಗುತ್ತಿಗೆಯಾದರೆ ರಾಜಧನದ (ರಾಯಲ್ಟಿಯ) ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದದ್ದಾದರೆ ಶೇ 10ರಷ್ಟನ್ನು ಹೆಚ್ಚುವರಿಯಾಗಿ ಈ ನಿಧಿಗೆ ಕಟ್ಟುತ್ತಾರೆ. ಇದು ಸಾರ್ವಜನಿಕ ಹಣ, ಗಣಿಯಿಂದ ಬಾಧಿತವಾದ ಊರುಗಳಿಗೆಂದೇ ಇರುವುದು. ಕುಡಿಯುವ ನೀರು ಅದರ ಆದ್ಯತೆಯ ಪಟ್ಟಿಯಲ್ಲಿದೆ. ಮೂರನೆಯದು ಪರಿಸರ ಅನುಮತಿಯ ಷರತ್ತುಗಳು: ದೂಳು ತಡೆ, ಹಸಿರು ಪಟ್ಟಿ, ಸ್ಫೋಟದ ನಿಯಂತ್ರಣ. ಕಾನೂನಿನಿಂದಲೇ ಮಾಡಲೇಬೇಕಾದ ಇಂಥ ಕೆಲಸವನ್ನು ಸಿಎಸ್‌ಆರ್ ಲೆಕ್ಕಕ್ಕೆ ಬರೆಯುವಂತಿಲ್ಲ ಎಂದು ಸಿಎಸ್‌ಆರ್ ನಿಯಮವೇ ಹೇಳುತ್ತದೆ. ಷರತ್ತು ಪಾಲಿಸಿದ ವರದಿಯನ್ನು ಕಂಪನಿ ಆರು ತಿಂಗಳಿಗೊಮ್ಮೆ ಸಲ್ಲಿಸಬೇಕು, ಅದು ಸಾರ್ವಜನಿಕ ದಾಖಲೆ. ರಸ್ತೆಗೆ ಟ್ಯಾಂಕರಿನಿಂದ ನೀರು ಹೊಡೆದದ್ದನ್ನು ಯಾರಾದರೂ ಊರಿಗೆ ಮಾಡಿದ ಉಪಕಾರವೆಂದು ಹೇಳಿದರೆ, ಅದು ಯಾವ ಬಾಬತ್ತು ಎಂದು ಕೇಳಿ.

‘ಕಂಪನಿ ಜಾಗ ಹೊಡೆಯುತ್ತದೆ’ ಎನ್ನುವ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ. 2021ರ ಜನವರಿಯಲ್ಲಿ ಬದಲಾದ ನಿಯಮದಂತೆ, ಸಿಎಸ್‌ಆರ್ ಹಣದಿಂದ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ಸಾರ್ವಜನಿಕ ಪ್ರಾಧಿಕಾರದ, ಫಲಾನುಭವಿಗಳ ಸ್ವಸಹಾಯ ಸಂಘದಂಥ ಗುಂಪಿನ ಇಲ್ಲವೇ ನೋಂದಾಯಿತ ದತ್ತಿ ಸಂಸ್ಥೆಯ ಹೆಸರಿನಲ್ಲಿರಬೇಕು. ಇಲ್ಲಿ ಎಚ್ಚರ ಬೇಕಾದದ್ದು ಸಂಸ್ಥೆಯ ವಿಷಯದಲ್ಲಿ. ಪಂಚಾಯ್ತಿ ಜಾಗದಲ್ಲಿ ಕಟ್ಟಿದ ಘಟಕ ಸಂಸ್ಥೆಯ ಆಸ್ತಿಯಾಗಿ ಉಳಿದರೆ, ಅವರು ಹೊರಟಾಗ ಯಂತ್ರವನ್ನು ಬಿಚ್ಚಿಕೊಂಡು ಹೋಗಬಹುದು. ಆದ್ದರಿಂದ ಆಸ್ತಿ ಪಂಚಾಯ್ತಿಯದೇ ಇರಲಿ, ಆಸ್ತಿ ವಹಿಯಲ್ಲಿ ನಮೂದಾಗಲಿ. ಜಾಗವನ್ನು ಬಳಸಲು ಅನುಮತಿ ಕೊಡಿ, ಗುತ್ತಿಗೆಗೆ ಕೊಡಬೇಡಿ.

‘ಸಂಸ್ಥೆಯವರು ಅರ್ಧ ದುಡ್ಡು ತಿನ್ನುತ್ತಾರೆ’ ಎಂಬ ಮಾತು ಬಹಳ ಕಡೆ ಅನ್ಯಾಯದ ಮಾತು. ಊರಿನಲ್ಲಿ ಕೂತು ಮನೆ ಮನೆ ತಿರುಗಿ, ಆಪರೇಟರಿಗೆ ತರಬೇತಿ ಕೊಟ್ಟು, ಲೆಕ್ಕ ಬರೆಸುವ ಕಾರ್ಯಕರ್ತರಿಗೆ ಸಂಬಳ ಬೇಕು. ಅದು ಯೋಜನೆಯದೇ ಖರ್ಚು. ಶೇ 5ರ ಮಿತಿ ಎಂದು ಕೇಳಿಬರುವುದು ಕಂಪನಿಯ ಸಿಎಸ್‌ಆರ್ ವಿಭಾಗದ ಆಡಳಿತ ವೆಚ್ಚಕ್ಕೆ, ಊರಿನಲ್ಲಿ ದುಡಿಯುವವರ ಸಂಬಳಕ್ಕಲ್ಲ. ಜನರ ಖರ್ಚನ್ನು ಕತ್ತರಿಸಿ ಯಂತ್ರಕ್ಕಷ್ಟೇ ದುಡ್ಡು ಸುರಿದ ಯೋಜನೆಗಳೇ ಬೇಗ ಮಲಗುತ್ತವೆ. ಸಂಶಯವಿದ್ದರೆ ಪರೀಕ್ಷಿಸುವ ದಾರಿ ಬೇರೆ ಇದೆ. 2021ರ ಏಪ್ರಿಲ್ 1ರಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಕಡ್ಡಾಯ. ಅದನ್ನು ಕೇಳಿ. ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಮೂರು ವರ್ಷದ ಲೆಕ್ಕಪರಿಶೋಧನೆ ವರದಿ, ನೀತಿ ಆಯೋಗದ ದರ್ಪಣ ಪೋರ್ಟಲಿನ ಗುರುತಿನ ಸಂಖ್ಯೆ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಈಗಾಗಲೇ ಮೂರು ವರ್ಷ ನಡೆಸಿದ ಘಟಕ ಯಾವ ಊರಿನಲ್ಲಿದೆ ಎಂದು ಕೇಳಿ, ಅವರಿಗೆ ತಿಳಿಸದೆ ಹೋಗಿ ನೋಡಿ ಬನ್ನಿ. ಆ ಸಂಸ್ಥೆ ಕಂಪನಿಯೇ ಹುಟ್ಟುಹಾಕಿದ ಪ್ರತಿಷ್ಠಾನವಾಗಿದ್ದರೆ ಅದರಲ್ಲಿ ತಪ್ಪೇನಿಲ್ಲ, ಕಾನೂನು ಒಪ್ಪುತ್ತದೆ. ಆಗ ಮೂರು ಪಕ್ಷಗಳಲ್ಲಿ ಎರಡು ಒಂದೇ ಮನೆಯವು ಎಂದು ತಿಳಿದು, ನೀರಿನ ಪರೀಕ್ಷೆಯನ್ನು ಸರ್ಕಾರಿ ಪ್ರಯೋಗಾಲಯದಲ್ಲೇ ಮಾಡಿಸಿ.

ಇನ್ನು ಹಳೇ ಘಟಕ ಯಾಕೆ ಸತ್ತಿತು ಎಂದು ಹುಡುಕದೆ ಹೊಸದಕ್ಕೆ ಕೈ ಹಾಕಬೇಡಿ. ನಿಮ್ಮ ಭಾಗ ಶಹಾಬಾದ್ ಫರ್ಸಿಯ ನಾಡು. ನೆಲದಡಿ ಸುಣ್ಣದಕಲ್ಲು ಇರುವುದರಿಂದ ಬೋರಿನ ನೀರು ಗಡಸು. ಗಡಸು ನೀರನ್ನು ಆರ್‌ಒ (ಒತ್ತಡ ಹಾಕಿ ನೀರು ಸೋಸುವ ವಿಧಾನ) ಮೆಂಬ್ರೇನಿಗೆ ಹಾಗೇ ನುಗ್ಗಿಸಿದರೆ ಅದರ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಾಣುವಂಥದ್ದೇ. ಅದು ಕಟ್ಟದಿರಲೆಂದು ಆಂಟಿಸ್ಕೇಲಂಟ್ ಎಂಬ ದ್ರಾವಣವನ್ನು ಸಣ್ಣ ಡೋಸಿಂಗ್ ಪಂಪು ಹನಿ ಹನಿಯಾಗಿ ಸೇರಿಸುತ್ತಿರುತ್ತದೆ. ಡಬ್ಬಿ ಖಾಲಿಯಾದರೂ ಘಟಕ ಓಡುತ್ತಲೇ ಇರುತ್ತದೆ, ನೀರು ಬರುತ್ತಲೇ ಇರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ವಾರಗಳಲ್ಲಿ ಒತ್ತಡ ಏರುತ್ತದೆ, ಬರುವ ನೀರು ಕಡಿಮೆಯಾಗುತ್ತದೆ, ಕೊನೆಗೆ ಹೈ ಪ್ರೆಶರ್ ಪಂಪಿನ ಮೋಟಾರೂ ಸುಡುತ್ತದೆ.

ಹಳೇ ಕೋಣೆಯ ಕೀಲಿ ತೆಗೆಸಿ, ಬಲ್ಲ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಇಷ್ಟು ನೋಡಿ. ಡೋಸಿಂಗ್ ಡಬ್ಬಿಯ ತಳ ಒಣಗಿದೆಯೇ? ಮೆಂಬ್ರೇನಿಗೆ ಮುಂಚೆ ಸಣ್ಣ ಕಸ ಹಿಡಿಯುವ ಕಾರ್ಟ್ರಿಜ್ ಫಿಲ್ಟರಿನ ಹಿಂದೆ ಮುಂದೆ ಎರಡು ಒತ್ತಡ ಮಾಪಕಗಳು ಇರಬೇಕು. ಎರಡರ ನಡುವೆ ಒಂದು ಬಾರ್‌ನಷ್ಟು ವ್ಯತ್ಯಾಸ ಬಂದರೆ ಕಾರ್ಟ್ರಿಜ್ ಬದಲಿಸಬೇಕಿತ್ತು. ಮಾಪಕವೇ ಒಡೆದಿದ್ದರೆ, ಬದಲಿಸುವ ದಿನ ಯಾರೂ ನೋಡಿಲ್ಲ ಎಂದೇ ಅರ್ಥ. ಮರಳು ಮತ್ತು ಇಂಗಾಲದ ಫಿಲ್ಟರಿಗೆ ದಿನಾ ಹತ್ತು ಹದಿನೈದು ನಿಮಿಷ ಹಿಮ್ಮುಖ ನೀರು ಹಾಯಿಸಿ ತೊಳೆಯಬೇಕು. ಆ ಕೊಳೆ ನೀರಿನ ಪೈಪು ಎಲ್ಲಿಗೆ ಹೋಗುತ್ತದೆ? ಸ್ಟೆಬಿಲೈಸರ್ ಇದೆಯೇ? ಬಿಲ್ ಕಟ್ಟದೆ ವಿದ್ಯುತ್ ಕಡಿದಿದ್ದಾರೆಯೇ, ಮೀಟರಿನ ಆರ್‌ಆರ್ ಸಂಖ್ಯೆ ಯಾರ ಹೆಸರಿನಲ್ಲಿದೆ? ದಿನವಹಿ ಪುಸ್ತಕ ಸಿಕ್ಕರೆ ಬಂಗಾರ ಸಿಕ್ಕಂತೆ ಎತ್ತಿಟ್ಟುಕೊಳ್ಳಿ. ಶುದ್ಧ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ತಿಂಗಳಿಂದ ತಿಂಗಳಿಗೆ ಏರುತ್ತಾ ಹೋಗಿದ್ದರೆ ಮೆಂಬ್ರೇನ್ ಯಾವಾಗ ಕೈಕೊಟ್ಟಿತು ಎಂಬುದು ಅದರಲ್ಲೇ ಇರುತ್ತದೆ. ಇಷ್ಟು ತಿಳಿದ ಮೇಲೆ, ಹಳೇ ಘಟಕವನ್ನೇ ಮೆಂಬ್ರೇನ್, ಪಂಪು, ಕಾರ್ಟ್ರಿಜ್ ಬದಲಿಸಿ ಎಬ್ಬಿಸಬಹುದೇ ಎಂದು ಅಂದಾಜು ಹಾಕಿಸಿ. ಕೋಣೆ, ಟ್ಯಾಂಕು, ಬೋರು, ವಿದ್ಯುತ್ ಸಂಪರ್ಕ ಆಗಲೇ ಇರುವುದರಿಂದ ಬಹಳ ಕಡೆ ದುರಸ್ತಿ ಹೊಸದಕ್ಕಿಂತ ಎಷ್ಟೋ ಅಗ್ಗ. ಕಂಪನಿಗಳಿಗೆ ದುರಸ್ತಿಗಿಂತ ಹೊಸದು ಇಷ್ಟ, ಫಲಕ ಹಾಕಲು ಜಾಗ ಸಿಗುತ್ತದೆ. ಫಲಕ ಹಳೇ ಕೋಣೆಯ ಮೇಲೂ ಹಾಕಬಹುದು ಎಂದು ಹೇಳಿ, ತಕರಾರಿಲ್ಲ.

ನಿಮ್ಮೂರಿಗೆ ಆರ್‌ಒ ನಿಜಕ್ಕೂ ಬೇಕೇ ಎಂಬುದನ್ನೂ ನೀರಿನ ಪರೀಕ್ಷೆಯೇ ಹೇಳಬೇಕು. ಪ್ರತಿ ಬೋರಿನಿಂದ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಮಾದರಿ ತೆಗೆಸಿ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ. ಭಾರತೀಯ ಮಾನಕ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಾಗ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45 ಮೀರಬಾರದು. ಟಿಡಿಎಸ್ 500 ಒಳಗಿದ್ದರೆ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 2,000ದವರೆಗೆ ಸಡಿಲಿಕೆ ಇದೆ. ಯಾದಗಿರಿ ಜಿಲ್ಲೆಯ ಸುರಪುರ ಭಾಗದವರಾದರೆ ಆರ್ಸೆನಿಕ್ ಪರೀಕ್ಷೆಯನ್ನೂ ಬಿಡಬಾರದು, ಅದರ ಮಿತಿ 0.01. ಕಂಪನಿಯವರು ಕೈಯಲ್ಲಿ ಹಿಡಿದು ಅದ್ದಿ ತೋರಿಸುವ ಟಿಡಿಎಸ್ ಪೆನ್ನು ಫ್ಲೋರೈಡನ್ನೂ ಹೇಳುವುದಿಲ್ಲ, ರೋಗಾಣುವನ್ನೂ ಹೇಳುವುದಿಲ್ಲ. ಫ್ಲೋರೈಡ್ ನೀರನ್ನು ಕುದಿಸಿದರೆ ಪ್ರಯೋಜನವಿಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಇವೆಲ್ಲ ಮಿತಿಯೊಳಗಿದ್ದು ತೊಂದರೆ ಬರೀ ವಾಂತಿ ಭೇದಿಯದಾದರೆ, ಆರ್‌ಒಗಿಂತ ಒಡೆದ ಪೈಪು ಸರಿಮಾಡುವುದು, ಟ್ಯಾಂಕು ತೊಳೆಸುವುದು, ಕ್ಲೋರಿನ್ ಸರಿಯಾಗಿ ಹಾಕುವುದು ಮುಖ್ಯ. ಊರ ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಕ್ಲೋರಿನ್ ಉಳಿದಿರಬೇಕು.

ಆರ್‌ಒ ಬೇಕೇ ಬೇಕು ಎಂದಾದರೆ ನೀರಿನ ಲೆಕ್ಕ ಹಾಕಿ. ಮುನ್ನೂರು ಮನೆಗೆ ದಿನಕ್ಕೆ 20 ಲೀಟರಿನ ಒಂದೊಂದು ಕ್ಯಾನ್ ಎಂದರೆ 6,000 ಲೀಟರ್. ಗಂಟೆಗೆ 1,000 ಲೀಟರಿನ ಘಟಕ ಆರು ತಾಸು ಓಡಬೇಕು. ಹಾಕಿದ ನೀರಿನಲ್ಲಿ ಅರ್ಧ ಹೊರಹೋಗುತ್ತದೆ ಎಂದಿಟ್ಟುಕೊಂಡರೂ ಬೋರಿನಿಂದ ದಿನಕ್ಕೆ 12,000 ಲೀಟರ್ ಎತ್ತಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಬೋರು ಅಷ್ಟು ಕೊಡುತ್ತದೆಯೇ? ಹೊರಹೋಗುವ 6,000 ಲೀಟರ್ ಉಪ್ಪು ನೀರು ಎಲ್ಲಿಗೆ? ಅದನ್ನು ಅದೇ ಬೋರಿನ ಪಕ್ಕ ಇಂಗಿಸಿದರೆ ಇನ್ನೆರಡು ವರ್ಷದಲ್ಲಿ ನೀರು ಇನ್ನಷ್ಟು ಕೆಡುತ್ತದೆ. ಶೌಚಾಲಯಕ್ಕೆ, ಪಾತ್ರೆ ಬಟ್ಟೆ ತೊಳೆಯಲು ಬಳಸುವ ತೊಟ್ಟಿ ಕಟ್ಟಿಸಿ, ಮಿಕ್ಕದ್ದನ್ನು ದೂರದ ಚರಂಡಿಗೆ ಬಿಡಿ.

ದುಡ್ಡಿನ ಲೆಕ್ಕ ಇನ್ನೂ ಕಠಿಣ. ಕ್ಯಾನಿಗೆ ಐದು ರೂಪಾಯಿಯಂತೆ ಇನ್ನೂರು ಮನೆಯವರು ದಿನಾ ಒಯ್ದರೆ ತಿಂಗಳಿಗೆ 30,000 ರೂಪಾಯಿ. ಆಪರೇಟರ್ ಸಂಬಳ, ವಿದ್ಯುತ್, ದ್ರಾವಣ, ಕಾರ್ಟ್ರಿಜ್ ಕಳೆದು, ಎರಡು ಮೂರು ವರ್ಷಕ್ಕೆ ಬರುವ ಮೆಂಬ್ರೇನ್ ಖರ್ಚಿಗೂ ಸ್ವಲ್ಪ ಎತ್ತಿಡಬಹುದು. ಅರವತ್ತೇ ಮನೆಯವರು ಬಂದರೆ 9,000. ಆಪರೇಟರ್ ಸಂಬಳಕ್ಕೇ ಸಾಲದು. ‘ಪುಕ್ಕಟೆ’ ಎಂಬ ಮಾತು ಇಲ್ಲೇ ಮುಗಿಯುತ್ತದೆ. ತಾಂಡಾದವರು ಒಂದೂವರೆ ಕಿಲೋಮೀಟರ್ ನಡೆದು ಬರುವಂತಿದ್ದರೆ ಅವರನ್ನು ಗಿರಾಕಿಗಳ ಲೆಕ್ಕಕ್ಕೆ ಸೇರಿಸಲೇಬೇಡಿ, ಅವರಿಗೆ ತಾಂಡಾದಲ್ಲೇ ಒಂದು ವಿತರಣಾ ನಲ್ಲಿ ಹಾಕಿಸುವುದನ್ನು ಒಪ್ಪಂದದಲ್ಲಿ ಬರೆಸಿ. ಬಡ ಮನೆಗಳಿಗೆ, ಅಂಗನವಾಡಿಗೆ, ಶಾಲೆಗೆ ಉಚಿತ ಕೊಡುವುದಾದರೆ ಆ ಹಣವನ್ನು ಯಾರು ತುಂಬುತ್ತಾರೆ ಎಂದು ಮೊದಲೇ ಗೊತ್ತುಮಾಡಿ.

ಸರ್ಕಾರ ಹಿಂದೆ ಸರಿಯುತ್ತದೆ ಎಂಬ ನಿಮ್ಮ ಅಂಜಿಕೆಯೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು. ಕಾನೂನಿನಲ್ಲಿ ಹಾಗೆ ಸರಿಯಲು ಬರುವುದಿಲ್ಲ. ಕುಡಿಯುವ ನೀರು ಗ್ರಾಮ ಪಂಚಾಯ್ತಿಯ ಹೊಣೆ, ಜಲ ಜೀವನ್ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಮನೆಯ ನಲ್ಲಿಗೇ ಬರಬೇಕು. ಕ್ಯಾನ್ ನೀರು ಬಂತೆಂದು ಅದು ರದ್ದಾಗುವುದಿಲ್ಲ. ಆದರೆ ಕಚೇರಿಯ ಪಟ್ಟಿಯಲ್ಲಿ ‘ಈ ಊರಿಗೆ ವ್ಯವಸ್ಥೆ ಆಗಿದೆ’ ಎಂದು ಗೆರೆ ಎಳೆದುಬಿಡುವುದು ನಿಜವಾದ ಅಪಾಯ. ಅದಕ್ಕೆ ಗ್ರಾಮಸಭೆಯ ಠರಾವಿನಲ್ಲೇ ‘ಈ ಘಟಕ ನಲ್ಲಿ ನೀರಿನ ಯೋಜನೆಗೆ ಪೂರಕ, ಬದಲಿಯಲ್ಲ’ ಎಂಬ ಒಂದು ಸಾಲು ಬರೆಸಿ, ಪ್ರತಿಯನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಗೆ ಕಳಿಸಿ.

ಸರ್ಕಾರದ ಪಾಲನ್ನು ಉಳಿಸಿಕೊಂಡೇ ಹೊರಗಿನ ಹಣ ಸೇರಿಸಿದ ಮಾದರಿ ನಮ್ಮ ಶಾಲೆಗಳಲ್ಲೇ ಇದೆ. ಅಪೌಷ್ಟಿಕತೆ ಹೆಚ್ಚಿದ್ದ ಕಾರಣ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು ರಾಜ್ಯ ಸರ್ಕಾರ 2021ರ ಡಿಸೆಂಬರಿನಲ್ಲಿ ಯಾದಗಿರಿ, ಕಲಬುರಗಿ, ಬೀದರ್ ಸೇರಿ ಕಲ್ಯಾಣ ಕರ್ನಾಟಕದ ಕಡೆಯಿಂದಲೇ ಶುರುಮಾಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ಒಪ್ಪಂದವಾಗಿ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಎರಡು ದಿನದ್ದು ಸರ್ಕಾರದ ಹಣ, ನಾಲ್ಕು ದಿನದ್ದು ಫೌಂಡೇಷನ್ನಿನದು, ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಯಾರ ಪಾಲು ಎಷ್ಟು ದಿನ, ಎಷ್ಟು ವರ್ಷ ಎಂಬುದು ಮೊದಲ ದಿನವೇ ಗೊತ್ತು. ಕುದಿಸುವ ಇಂಧನ, ಸಿಪ್ಪೆ ಸುಲಿಯುವ ಕೂಲಿಯನ್ನೂ ಮೊಟ್ಟೆಯ ದರದಲ್ಲಿ ಲೆಕ್ಕ ಹಿಡಿದಿದ್ದಾರೆ. ಆ ದರ ಪೇಟೆಯ ಬೆಲೆಗೆ ಸಾಲದು ಎಂದು ಶಿಕ್ಷಕರು ದೂರಿದ್ದೂ ಇದೆ. ದೂರಲು ಒಂದು ಬರೆದಿಟ್ಟ ಅಂಕಿ ಇತ್ತಲ್ಲ, ನಿಮಗೂ ಅಂಥದ್ದು ಬೇಕು.

ಆದ್ದರಿಂದ ಪಂಚಾಯ್ತಿ, ಕಂಪನಿ, ಸಂಸ್ಥೆ ಮೂವರೂ ಸಹಿ ಹಾಕುವ ತ್ರಿಪಕ್ಷೀಯ ಒಪ್ಪಂದವನ್ನು ಕನ್ನಡದಲ್ಲೇ ಬರೆಸಿ. ಕನಿಷ್ಠ ಐದು ವರ್ಷದ ನಿರ್ವಹಣೆ ಅದರಲ್ಲಿರಲಿ. ಮೊದಲ ಮೂರು ವರ್ಷ ಬಿಡಿಭಾಗಗಳ ಖರ್ಚು ಕಂಪನಿಯದು, ದಿನದ ನಿರ್ವಹಣೆ ಸಂಸ್ಥೆಯದು, ಕ್ಯಾನ್ ಹಣ ಪ್ರತ್ಯೇಕ ಬ್ಯಾಂಕ್ ಖಾತೆಗೆ ಎಂಬಂತೆ ಪಾಲು ಬೇರೆ ಮಾಡಿ. ಆ ಖಾತೆಗೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮತ್ತು ನೀರು ಸಮಿತಿಯ ಮಹಿಳಾ ಸದಸ್ಯೆಯ ಜಂಟಿ ಸಹಿ ಇರಲಿ, ಮೊದಲ ಮೆಂಬ್ರೇನಿನಷ್ಟು ಠೇವಣಿಯನ್ನು ಕಂಪನಿ ಶುರುವಿನಲ್ಲೇ ಇಡಲಿ. ಕೆಟ್ಟರೆ 48 ಗಂಟೆಯಲ್ಲಿ ರಿಪೇರಿ, ಆಗದಿದ್ದರೆ ಟ್ಯಾಂಕರ್ ನೀರು. ತಿಂಗಳಿಗೊಮ್ಮೆ ರೋಗಾಣು ಪರೀಕ್ಷೆ, ಆರು ತಿಂಗಳಿಗೊಮ್ಮೆ ರಾಸಾಯನಿಕ ಪರೀಕ್ಷೆ, ಫಲಿತಾಂಶ ಘಟಕದ ಗೋಡೆಯ ಮೇಲೆ. ಬಿಟ್ಟು ಹೋಗುವವರು ಆರು ತಿಂಗಳು ಮುಂಚೆ ನೋಟಿಸ್ ಕೊಟ್ಟು, ದಿನವಹಿ, ಬಿಡಿಭಾಗ, ಪಾಸ್‌ಬುಕ್ ಒಪ್ಪಿಸಿ ಹೋಗಬೇಕು. ವಿದ್ಯುತ್ ಮೀಟರ್ ಪಂಚಾಯ್ತಿ ಹೆಸರಿನಲ್ಲಿ.

ಒಂದು ಷರತ್ತನ್ನು ಮಾತ್ರ ಯಾವ ರೂಪದಲ್ಲೂ ಒಪ್ಪಬೇಡಿ: ಗ್ರಾಮಸ್ಥರು ಕಂಪನಿಯ ಚಟುವಟಿಕೆಗೆ ಸಹಕರಿಸಬೇಕು, ಅಡ್ಡಿ ಮಾಡಬಾರದು ಎಂಬಂಥ ಸಾಲು. ಓದಲು ಮೃದುವಾಗಿರುತ್ತದೆ, ನಾಳೆ ದೂಳಿನ ಬಗ್ಗೆ, ಸ್ಫೋಟಕ್ಕೆ ಬಿರುಕು ಬಿಟ್ಟ ಗೋಡೆಯ ಬಗ್ಗೆ ಅರ್ಜಿ ಕೊಟ್ಟಾಗ ಅದೇ ಕಾಗದ ಮುಂದೆ ಬರುತ್ತದೆ. ನೀರು ಬೇರೆ, ದೂರು ಬೇರೆ.

ನಿಮ್ಮ ಮುಂದೆ ದಾರಿಗಳು ಮೂರು. ಹೊಸ ಘಟಕ ಒಪ್ಪಿಕೊಳ್ಳುವುದು: ಬೇಗ ಆಗುತ್ತದೆ, ಬೋರು ಬತ್ತಿದರೆ ಅಥವಾ ಗಿರಾಕಿ ಸಾಲದಿದ್ದರೆ ಎರಡನೇ ಕೀಲಿ ಬೀಳುತ್ತದೆ. ಹಳೆಯದನ್ನು ದುರಸ್ತಿ ಮಾಡಿಸಿ, ಕಂಪನಿಯ ಹಣವನ್ನು ನಿರ್ವಹಣೆ, ತರಬೇತಿ, ತಾಂಡಾದ ಪೈಪಿಗೆ ತಿರುಗಿಸುವುದು: ಕಂಪನಿ ಒಪ್ಪಲು ಮಾತುಕತೆ ಬೇಕು, ಹಳೇ ಗುತ್ತಿಗೆದಾರನ ಕರಾರು ಮುಗಿದಿದೆಯೇ ಎಂದು ನೋಡಬೇಕು. ಮೂರನೆಯದು ಕಟ್ಟಡದಂಥ ದೊಡ್ಡ ಖರ್ಚನ್ನು ಖನಿಜ ನಿಧಿಯಿಂದ ಕೇಳಿ, ಸಿಎಸ್‌ಆರ್ ಅನ್ನು ನಡೆಸುವ ಖರ್ಚಿಗೆ ಇಟ್ಟುಕೊಳ್ಳುವುದು: ಜಿಲ್ಲಾಡಳಿತದ ಮಂಜೂರಾತಿ, ಟೆಂಡರ್ ಎಂದು ಸಮಯ ಹಿಡಿಯುತ್ತದೆ. ನೀವು ಬರೆದಷ್ಟರಲ್ಲಿ ನೋಡಿದರೆ ನನ್ನ ಒಲವು ಎರಡನೆಯದಕ್ಕೆ. ಹಳೇ ಘಟಕ ದುರಸ್ತಿಗೆ ಬಾರದಷ್ಟು ಹಾಳಾಗಿದ್ದರೆ ಮಾತ್ರ ಮೊದಲನೆಯದು.

ಮಾರ್ಚ್ 31ರ ಅವಸರಕ್ಕೆ ನೀವು ಬೆದರಬೇಕಿಲ್ಲ. ಹಣಕಾಸು ವರ್ಷ ಮುಗಿಯುವುದು ಕಂಪನಿಯ ತೊಡಕು, ಅದಕ್ಕೂ ಕಾನೂನಿನಲ್ಲೇ ಪರಿಹಾರವಿದೆ. ಕೆಲಸವನ್ನು ‘ನಡೆಯುತ್ತಿರುವ ಯೋಜನೆ’ ಎಂದು ಆಡಳಿತ ಮಂಡಳಿ ಗುರುತಿಸಿದರೆ, ಉಳಿದ ಹಣವನ್ನು ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಶುರುವಾದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ಖರ್ಚು ಮಾಡಬಹುದು. ಕಂಪನಿಯ ಸಿಎಸ್‌ಆರ್ ಅಧಿಕಾರಿಗೆ ಈ ನಿಯಮ ಗೊತ್ತೇ ಇರುತ್ತದೆ. ನಿಮಗೂ ಗೊತ್ತಿದೆ ಎಂದು ಅವರಿಗೆ ತಿಳಿದರೆ ಮಾತಿನ ಧಾಟಿ ಬದಲಾಗುತ್ತದೆ. ಬೇಸಿಗೆಯಲ್ಲಿ ಬೋರಿನ ಇಳುವರಿ ನೋಡಲು ಬೇಕಾದ ಎರಡು ತಿಂಗಳು ಇದರಿಂದಲೇ ಸಿಗುತ್ತದೆ.

ನೀವೊಬ್ಬರೇ ಏನು ಮಾಡಬಹುದು ಎಂದು ಕೇಳಿದ್ದೀರಿ. ಪಂಚಾಯ್ತಿಯ ಠರಾವಿಲ್ಲದೆ ಅಧ್ಯಕ್ಷರು ತಾವಾಗಿ ಪಂಚಾಯ್ತಿಯ ಪರವಾಗಿ ಇಂಥ ಒಪ್ಪಂದಕ್ಕೆ ಸಹಿ ಹಾಕುವುದು ಸರಿಯಾದ ಕ್ರಮವಲ್ಲ. ಈ ವಿಷಯವನ್ನು ಸಭೆಯ ಅಜೆಂಡಾದಲ್ಲಿ ಸೇರಿಸಿ, ಕರಡು ಒಪ್ಪಂದವನ್ನು ಎಲ್ಲ ಸದಸ್ಯರಿಗೆ ಮುಂಚೆಯೇ ಕೊಡಿ ಎಂದು ಪಿಡಿಒ ಅವರಿಗೆ ಇಂದೇ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಕರಡನ್ನು ವಾರ್ಡ್ ಸಭೆ, ಗ್ರಾಮಸಭೆಗಳಲ್ಲಿ ಓದಿಸಿ, ತಾಂಡಾದವರಿಗೆ ಅವರ ಜಾಗದಲ್ಲೇ ಓದಿ ಹೇಳಿಸಿ. ಸಭೆಯಲ್ಲಿ ನಿಮ್ಮ ಮಾತು ನಡೆಯದಿದ್ದರೆ ನಿಮ್ಮ ಆಕ್ಷೇಪಣೆಯನ್ನು ಕಾರಣ ಸಮೇತ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಓದಿ ನೋಡಿದ ಮೇಲೇ ಸಹಿ ಹಾಕಿ, ದೃಢೀಕೃತ ಪ್ರತಿ ಕೇಳಿ. ಠರಾವಿಲ್ಲದೆ ಸಹಿ ಬಿದ್ದಿದ್ದು ಗೊತ್ತಾದರೆ ಆ ಪ್ರತಿಯೊಂದಿಗೆ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಅಲ್ಲಿ ಆಗದಿದ್ದರೆ ಜಿಲ್ಲಾ ಪಂಚಾಯ್ತಿ ಸಿಇಒಗೆ ದೂರು ಕೊಡಿ. ಕಂಪನಿಯ ಸಿಎಸ್‌ಆರ್ ಮುಖ್ಯಸ್ಥರಿಗೂ ಒಂದು ಪ್ರತಿ ಕಳಿಸಿ: ತಕರಾರಿರುವ ಜಾಗದಲ್ಲಿ ಹಣ ಹೂಡಲು ಅವರ ಲೆಕ್ಕಪರಿಶೋಧಕರೇ ಹಿಂಜರಿಯುತ್ತಾರೆ.